ಪಂಚಾಯಿತಿ ಕೆಲಸದ ಜೊತೆಗೆ ಸಮಾಜಶಾಸ್ತ್ರ ಎಂ.ಎ. ಓದಿದ್ದು

ಕೆಲಸ ಬಿಡದೆ ಎಂ.ಎ. ಓದಬಹುದಾ ಅಂತ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ನನ್ನ ಥರದವರೇ. ಪಂಚಾಯಿತಿಯಲ್ಲಿ, ಅಂಗನವಾಡಿಯಲ್ಲಿ, ಸೊಸೈಟಿಯಲ್ಲಿ ಕೆಲಸ ಮಾಡುವ ಹೆಂಗಸರು. ಡಿಗ್ರಿ ಮುಗಿಸಿ, ಮದುವೆಯಾಗಿ, ಓದು ಅಲ್ಲಿಗೇ ನಿಂತವರು. ಓದಬಹುದು. ನಾನು ಓದಿದ್ದೇನೆ. ಆದರೆ ಹೇಗೆ ಓದಿದೆ, ಎಲ್ಲಿ ಕಷ್ಟವಾಯಿತು, ಓದಿದ್ದರಿಂದ ಏನು ಸಿಕ್ಕಿತು ಅನ್ನುವುದೆಲ್ಲ ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನವಳು. ತವರು ಕಾಗೋಡಿನ ಹತ್ತಿರ. ಮದುವೆಯಾಗಿ ಬಂದದ್ದು ಶರಾವತಿ ಹಿನ್ನೀರಿನ ಆಚೆ ದಡಕ್ಕೆ, ಕರೂರು ಹೋಬಳಿಗೆ. ಸಿಗಂದೂರಿಗೆ ಬಂದವರಿಗೆ ಈ ಕಡೆ ಪರಿಚಯ ಇರುತ್ತದೆ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ನಾನು ಓದುತ್ತಿದ್ದಾಗ ಸೇತುವೆ ಇರಲಿಲ್ಲ, ಸಾಗರಕ್ಕೆ ಹೋಗಬೇಕೆಂದರೆ ಲಾಂಚ್, ಅಂದರೆ ಜನರನ್ನೂ ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿ, ಹತ್ತಬೇಕಿತ್ತು. ಸಂಜೆ ಲಾಂಚ್ ನಿಂತಿತೆಂದರೆ ಆ ಕಡೆ ಉಳಿದವರು ಆ ಕಡೆಯೇ. ಸುತ್ತು ಹಾಕಿ ಬರುವ ರಸ್ತೆ ಇದೆ, ಆದರೆ ಬಸ್ಸಿನಲ್ಲಿ ಓಡಾಡುವವರಿಗೆ ಅದು ಇದ್ದೂ ಇಲ್ಲದ ಹಾಗೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ದೂರಶಿಕ್ಷಣದಲ್ಲಿ ದಿನಾ ಕಾಲೇಜಿಗೆ ಹೋಗುವುದು ಇಲ್ಲ ಅಷ್ಟೇ, ದೂರ ಅನ್ನುವುದು ಇದ್ದೇ ಇರುತ್ತದೆ. ಅರ್ಜಿ, ಅಸೈನ್‌ಮೆಂಟ್, ಪರೀಕ್ಷೆ ಎಲ್ಲಕ್ಕೂ ಒಂದಲ್ಲ ಒಂದು ದಿನ ಹೊಳೆ ದಾಟಲೇಬೇಕು.

ಕೆಲಸ ಗ್ರಾಮ ಪಂಚಾಯಿತಿಯಲ್ಲಿ, ಡೇಟಾ ಎಂಟ್ರಿ ಆಪರೇಟರ್. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಎನ್‌ಎಂಆರ್ ಅನ್ನುವ ಕೂಲಿ ಹಾಜರಿ ಪಟ್ಟಿ, ಆಸ್ತಿ ದಾಖಲೆಯ ಇ-ಸ್ವತ್ತು, ಮನೆ ಕಂದಾಯ, ಪಂಚತಂತ್ರ ಅನ್ನುವ ಪಂಚಾಯಿತಿ ತಂತ್ರಾಂಶದ ಎಂಟ್ರಿ, ಇದರ ಜೊತೆಗೆ ಮೇಲಿನಿಂದ ಬರುವ ಸಮೀಕ್ಷೆಗಳು. ಜನ ನನ್ನನ್ನು ಕಂಪ್ಯೂಟರ್ ಅಕ್ಕ ಅನ್ನುತ್ತಾರೆ. ಆ ಕುರ್ಚಿಯಲ್ಲಿ ಕೂತವರ ಮುಂದೆ ಇಡೀ ಹೋಬಳಿ ಹಾದುಹೋಗುತ್ತದೆ. ಒಂದೇ ಯೋಜನೆ ಒಂದು ಕೇರಿಗೆ ಬೇಗ ತಲುಪುತ್ತದೆ, ಇನ್ನೊಂದು ಕೇರಿಗೆ ವರ್ಷವಾದರೂ ತಲುಪುವುದಿಲ್ಲ. ಗೆದ್ದವರು ಮಹಿಳೆ, ಮೀಟಿಂಗಿನಲ್ಲಿ ಮಾತಾಡುವವರು ಅವರ ಗಂಡ. ಗ್ರಾಮ ಸಭೆಯಲ್ಲಿ ಮುಂದೆ ಕೂರುವವರು ಯಾವತ್ತೂ ಒಂದೇ ಗುಂಪು, ಬಾಗಿಲ ಹತ್ತಿರ ನಿಲ್ಲುವವರು ಯಾವತ್ತೂ ಇನ್ನೊಂದೇ ಗುಂಪು. ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಯಾಕೆ ಹೀಗೆ ಅಂತ ಕೇಳಿದರೆ ನನ್ನ ಹತ್ತಿರ ಇದ್ದದ್ದು ಎರಡೇ ಉತ್ತರ: "ಅವರು ಹಂಗೇ" ಮತ್ತು "ರಾಜಕೀಯ". ಅಷ್ಟಕ್ಕೇ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಒಂದು ವಿಷಯವಾಗಿತ್ತು. ಅದನ್ನೇ ಮುಂದೆ ಓದಬೇಕು ಅಂತ ನಿರ್ಧಾರ ಮಾಡಿದೆ.

ಕನ್ನಡದಲ್ಲೇ ಓದಬೇಕು ಅನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನನ್ನ ಗೆಳತಿ ಅಲ್ಲೇ ಓದಿದಳು, ಚೆನ್ನಾಗಿಯೇ ಓದಿದಳು. ನಾನು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಆರಿಸಿಕೊಂಡೆ. ಅಲ್ಲಿ ಈ ಎಂ.ಎ. ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನನಗೆ ಹಿಂದಿ ದೂರ, ಇಂಗ್ಲಿಷ್ ಸುಮಾರಾಗಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುವ ಧೈರ್ಯ ಬರಬೇಕು ಅನ್ನುವ ಆಸೆಯೂ ಇತ್ತು. ಇನ್ನೊಂದು ಕಾರಣ ಅವಧಿ. ಎರಡು ವರ್ಷದ ಕೋರ್ಸನ್ನು ಮುಗಿಸಲು ನಾಲ್ಕು ವರ್ಷದವರೆಗೆ ಸಮಯ ಕೊಡುತ್ತಾರೆ. ಜೂನ್‌ನಲ್ಲೊಮ್ಮೆ ಡಿಸೆಂಬರ್‌ನಲ್ಲೊಮ್ಮೆ ಪರೀಕ್ಷೆ ಇರುತ್ತದೆ, ಯಾವ ಪತ್ರಿಕೆಯನ್ನು ಯಾವಾಗ ಬರೆಯಬೇಕು ಅನ್ನುವುದು ಬಹಳಮಟ್ಟಿಗೆ ನಮ್ಮ ಕೈಯಲ್ಲಿ. ಮನೆ, ಮಗು, ತೋಟ, ಆಫೀಸು ಎಲ್ಲ ಇರುವವರಿಗೆ ಇದು ತುಂಬಾ ದೊಡ್ಡ ವಿಷಯ. 2018ರ ಜುಲೈ ಪ್ರವೇಶದಲ್ಲಿ ಸೇರಿದೆ.

ಸೇರುವ ಮುಂಚೆ ಒಂದು ಲೆಕ್ಕ ಎಲ್ಲರೂ ಹಾಕಿಕೊಳ್ಳಿ. ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು ಅಂತ ಇಗ್ನೋ ಹೇಳುತ್ತದೆ. ಎಂ.ಎ.ಗೆ ಒಟ್ಟು 64 ಕ್ರೆಡಿಟ್. ಅಂದರೆ 1920 ಗಂಟೆ. ದಿನಕ್ಕೆ ಎರಡು ಗಂಟೆ ತಪ್ಪದೆ ಓದಿದರೂ ಎರಡೂವರೆ ವರ್ಷ ದಾಟುತ್ತದೆ. ದಿನಾ ತಪ್ಪದೆ ಎರಡು ಗಂಟೆ ಯಾರಿಗೆ ಸಿಗುತ್ತದೆ, ಅಲ್ವಾ? ಹಾಗಾಗಿ ಎರಡೇ ವರ್ಷದಲ್ಲಿ ಮುಗಿಸುತ್ತೇನೆ ಅಂತ ಹಟ ಹಿಡಿಯಬೇಡಿ. ನಾನು ಒಂದು ಸಲಕ್ಕೆ ಎರಡು ಪತ್ರಿಕೆ ಅಂತ ಮೊದಲೇ ಗೊತ್ತುಮಾಡಿಕೊಂಡೆ. ವರ್ಷದ ನಾಲ್ಕೂ ಪತ್ರಿಕೆ ಒಟ್ಟಿಗೆ ಬರೆಯಲು ಹೋದವರು ಯಾವುದನ್ನೂ ಸರಿಯಾಗಿ ಓದಲಾಗದೆ ಸೋತು ಬಿಟ್ಟದ್ದನ್ನು ನೋಡಿದ್ದೇನೆ. ಅವರು ದಡ್ಡರಲ್ಲ. ಅವರಿಗೆ ಸಮಯ ಇರಲಿಲ್ಲ, ಅಷ್ಟೇ.

ಮೊದಲ ವರ್ಷ ನಾಲ್ಕು ಕಡ್ಡಾಯ ಪತ್ರಿಕೆ: ಸಿದ್ಧಾಂತಗಳು ಮತ್ತು ಪರಿಕಲ್ಪನೆಗಳು, ಸಂಶೋಧನಾ ವಿಧಾನಗಳು, ಅಭಿವೃದ್ಧಿಯ ಸಮಾಜಶಾಸ್ತ್ರ, ಭಾರತದಲ್ಲಿ ಸಮಾಜಶಾಸ್ತ್ರ. ಎರಡನೇ ವರ್ಷ ಪಟ್ಟಿಯಿಂದ ನಾಲ್ಕು ಆರಿಸಿಕೊಳ್ಳಬೇಕು. ಶಿಕ್ಷಣ, ಧರ್ಮ, ನಗರ, ವಲಸೆ ಹೋದ ಸಮುದಾಯಗಳು ಇವೆಲ್ಲ ಇದ್ದವು. ಜೊತೆಗೆ ರಾಜ್ಯಶಾಸ್ತ್ರದಿಂದ ಒಂದು, ಸಾರ್ವಜನಿಕ ಆಡಳಿತದಿಂದ ವಿಕೇಂದ್ರೀಕರಣ ಮತ್ತು ಸ್ಥಳೀಯ ಆಡಳಿತ ಅನ್ನುವ ಪತ್ರಿಕೆ. ಕೊನೆಯದನ್ನು ನೋಡಿದ ತಕ್ಷಣ ಗುರುತು ಹಾಕಿಟ್ಟೆ. ಇದು ನನ್ನ ಕಾಲದ ಪಠ್ಯ. ಈಗ ಸೇರುವವರು ಹೊಸ ಕೈಪಿಡಿ ನೋಡಿಕೊಳ್ಳಿ.

ಪುಸ್ತಕಗಳ ಕಟ್ಟು ಅಂಚೆಯಲ್ಲಿ ಬಂದಾಗ ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟೂ ಓದ್ಬೇಕಾ? ಯಾವಾಗ ಓದ್ತೀಯೇ?" ಅಂದರು. ಅತ್ತೆ ಅಂದರೆ ಗಂಡನ ತಾಯಿ, ನನ್ನ ಅಪ್ಪನ ಸ್ವಂತ ಅಕ್ಕನೂ ಹೌದು, ಸೋದರತ್ತೆ. ಚಿಕ್ಕವಳಿದ್ದಾಗಿನಿಂದ ನೋಡಿದವರು. ಬೇಡ ಅನ್ನಲಿಲ್ಲ, ಯಾವಾಗ ಅಂತ ಕೇಳಿದರು. ಸರಿಯಾದ ಪ್ರಶ್ನೆ ಅದು. ಬೆಳಿಗ್ಗೆ ಎದ್ದು ಕೊಟ್ಟಿಗೆ ಕೆಲಸ, ತಿಂಡಿ, ಮಗನನ್ನು ಶಾಲೆಗೆ ಕಳಿಸುವುದು. ಆಮೇಲೆ ಆಫೀಸು, ಸಂಜೆ ಮತ್ತೆ ಮನೆ. ಕೊನೆಗೆ ಉಳಿದದ್ದು ಬೆಳಗಿನ ಜಾವ. ಕೊಟ್ಟಿಗೆ ಕೆಲಸದಲ್ಲಿ ಬೆಳಗಿನ ಪಾಲನ್ನು ನಮ್ಮನೆಯವರು ವಹಿಸಿಕೊಂಡರು. ಇದು ಸಣ್ಣ ಉಪಕಾರ ಅಲ್ಲ. ಕೆಲಸ ಮಾಡುತ್ತಾ ಓದುವ ಹೆಂಗಸರನ್ನು ಎಲ್ಲರೂ ಹೊಗಳುತ್ತಾರೆ, ಅವಳು ಓದುವ ಆ ಒಂದು ಗಂಟೆಯಲ್ಲಿ ಅವಳ ಕೆಲಸ ಯಾರು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಸೇರುವ ಮುಂಚೆಯೇ ಈ ಮಾತು ಆಡಿಕೊಳ್ಳಿ. ಆಮೇಲೆ ಅಡ್ಜಸ್ಟ್ ಮಾಡಿಕೊಳ್ಳೋಣ ಅಂತ ಬಿಟ್ಟರೆ ಅಡ್ಜಸ್ಟ್ ಆಗುವುದು ನಿಮ್ಮ ಓದೇ.

ಮಲೆನಾಡಿನವರಿಗೆ ಇನ್ನೂ ಒಂದು ಕಷ್ಟ ಇದೆ. ಜೂನ್ ಪರೀಕ್ಷೆ ಅಂದರೆ ಮಳೆ ಹಿಡಿಯುವ ಹೊತ್ತು, ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಡಿಸೆಂಬರ್ ಪರೀಕ್ಷೆ ಅಂದರೆ ಅಡಿಕೆ ಕೊಯ್ಲು. ಹಗಲು ಕೊಯ್ದ ಅಡಿಕೆ ಗೊನೆಯನ್ನು ಅವತ್ತು ರಾತ್ರಿಯೇ ಸುಲಿಯಲೇಬೇಕು. ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಹೆಂಗಸರೆಲ್ಲ ಸಾಲಾಗಿ ಕೂತರೆ ಏಳುವಾಗ ಸರಿರಾತ್ರಿ. ಅಲ್ಲಿ ಪುಸ್ತಕ ಹಿಡಿಯುವ ಮಾತೇ ಇಲ್ಲ, ಎರಡೂ ಕೈಗೆ ಕೆಲಸ.

ಅದಕ್ಕೆ ಒಂದು ದಾರಿ ಹುಡುಕಿಕೊಂಡೆ. ನನ್ನ ಓದು ನಿಂತದ್ದೇ ಅದರ ಮೇಲೆ. ಬೆಳಗಿನ ಜಾವ ಇಂಗ್ಲಿಷಿನಲ್ಲಿ ಒಂದು ಘಟಕ ಓದುವುದು. ಓದಿ ಮುಗಿಸಿ, ಪುಸ್ತಕ ಮುಚ್ಚಿ, ಅರ್ಥವಾದದ್ದನ್ನು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೆ, ಫೋನಿಗೆ ಹೇಳಿ ರೆಕಾರ್ಡ್ ಮಾಡುವುದು. ಹೇಳಲು ಬರಲಿಲ್ಲ ಅಂದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಮತ್ತೆ ಓದುವುದು. ರಾತ್ರಿ ಅಡಿಕೆ ಸುಲಿಯುವಾಗ ಅದನ್ನೇ ಹಾಕಿಕೊಂಡು ಕೇಳುವುದು. ಮೊದಲು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಮನೆ ಚಿಕ್ಕಮ್ಮ "ಒಬ್ಳೇ ಎಂತ ಕೇಳ್ತೀಯೇ, ನಮಗೂ ಹಾಕು" ಅಂದರು. ಹಾಕಿದೆ.

ಅವತ್ತು ಬಂದದ್ದು ಇರಾವತಿ ಕರ್ವೆ ಅವರ ವಿಚಾರ. ಭಾರತದ ರಕ್ತಸಂಬಂಧ, ಮದುವೆ ಪದ್ಧತಿಗಳ ಬಗ್ಗೆ 1953ರಲ್ಲಿ ಪುಸ್ತಕ ಬರೆದವರು. ದೇಶವನ್ನು ನಾಲ್ಕು ವಲಯ ಮಾಡಿ, ಉತ್ತರದಲ್ಲಿ ಹುಡುಗಿಯನ್ನು ಪರಿಚಯವೇ ಇಲ್ಲದ ದೂರದ ಮನೆಗೆ ಕೊಡುತ್ತಾರೆ, ದಕ್ಷಿಣದಲ್ಲಿ ಸಂಬಂಧದೊಳಗೇ ಕೊಡುವುದು ಹೆಚ್ಚು, ಹಾಗಾಗಿ ಇಲ್ಲಿ ಹುಡುಗಿಗೆ ಗಂಡನ ಮನೆ ಪೂರ್ತಿ ಪರಕೀಯ ಅಲ್ಲ ಅನ್ನುವುದು ಅವರ ವಿವರಣೆ. ನನ್ನ ದನಿಯಲ್ಲಿ ಇದು ಮುಗಿದದ್ದೇ ತಡ, ಅಂಗಳದಲ್ಲಿ ವಾದ ಶುರುವಾಯಿತು. ಒಬ್ಬರು ಹೌದು, ಗುರುತಿನವರ ಮನೆಯಾದರೆ ಕಷ್ಟ ಹೇಳಿಕೊಳ್ಳಬಹುದು ಅಂದರು. ಇನ್ನೊಬ್ಬರು, ಗುರುತಿನವರ ಮನೆ ಅಂತಲೇ ತವರಿಗೆ ದೂರು ಹೇಳಲು ಆಗುವುದಿಲ್ಲ, ಹೇಳಿದರೆ ಅಣ್ಣ-ತಂಗಿಯೇ ಮುರಿದುಕೊಳ್ಳುತ್ತಾರೆ ಅಂದರು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮಿಬ್ಬರ ವಿಷಯವೇ ಅಲ್ವಾ ಅದು. ಆ ಎರಡನೇ ಮಾತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಪರೀಕ್ಷೆಯಲ್ಲಿ ಕರ್ವೆಯವರನ್ನು ವಿಮರ್ಶಿಸಿ ಅಂತ ಬಂದರೆ ಇದನ್ನೇ ಬರೆಯಬೇಕು ಅಂತ ಅವತ್ತೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ. ಆ ಸುಗ್ಗಿಯಿಡೀ ನಮ್ಮ ಅಂಗಳದಲ್ಲಿ ಇದೇ ನಡೆಯಿತು. ಯಾವ ಕಾಲೇಜಿನಲ್ಲೂ ನನಗೆ ಅಂಥ ಕ್ಲಾಸು ಸಿಗುತ್ತಿರಲಿಲ್ಲ.

ಸಿದ್ಧಾಂತದ ಪತ್ರಿಕೆ ಮಾತ್ರ ಕಷ್ಟ. ನನ್ನ ಜೊತೆ ಸೇರಿದ ಕೆಲವರು ಕೈಬಿಟ್ಟದ್ದು ಇಲ್ಲೇ. ಪುಟಗಟ್ಟಲೆ ಓದಿದರೂ ಕೈಗೆ ಏನೂ ಸಿಕ್ಕುವುದಿಲ್ಲ. ನನಗೆ ಹಿಡಿತ ಸಿಕ್ಕಿದ್ದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ನಿಂದ. ಅಧಿಕಾರಶಾಹಿ ಬಗ್ಗೆ ಬರೆಯುತ್ತಾ ಅವನು ಅದರ ಲಕ್ಷಣಗಳನ್ನು ಹೇಳುತ್ತಾನೆ: ಎಲ್ಲವೂ ಬರಹದಲ್ಲಿ, ಕಡತದಲ್ಲಿ ಇರುತ್ತದೆ. ಮೇಲಿನವರು ಕೆಳಗಿನವರು ಅಂತ ಶ್ರೇಣಿ ಇರುತ್ತದೆ. ಕೆಲಸ ನಡೆಯುವುದು ನಿಯಮದ ಪ್ರಕಾರ, ಎದುರಿಗೆ ಇರುವ ಮನುಷ್ಯ ಯಾರು ಅಂತ ನೋಡಿ ಅಲ್ಲ. ಓದುತ್ತಾ ಹೋದರೆ ನಮ್ಮ ಆಫೀಸಿನ ಕಪಾಟುಗಳೇ ಕಣ್ಣ ಮುಂದೆ. ಅಲ್ಲಿಯವರೆಗೆ, ಮುಖ ನೋಡದೆ ನಿಯಮ ನೋಡುವುದು ಕಲ್ಲು ಮನಸ್ಸು ಅಂತ ನಾನು ಅಂದುಕೊಂಡಿದ್ದೆ. ಓದಿದ ಮೇಲೆ ಬೇರೆ ಥರ ಯೋಚನೆ ಬಂತು. ಊರಿನಲ್ಲಿ ಮುಖ ನೋಡಿ ಕೆಲಸ ಮಾಡಿದರೆ ಗೆಲ್ಲುವ ಮುಖ ಯಾರದು? ಬಲ ಇದ್ದವರದ್ದೇ. ಯಾರ ಪರಿಚಯವೂ ಇಲ್ಲದವಳಿಗೆ "ನಿಯಮದ ಪ್ರಕಾರ ನಂಗೆ ಬರಬೇಕು" ಅನ್ನುವುದೊಂದೇ ಆಸರೆ. ಆದರೆ ಅದೇ ನಿಯಮ ಕಾಗದ ಕೇಳುತ್ತದೆ, ಮತ್ತು ನಮ್ಮ ಹೋಬಳಿಯಲ್ಲಿ ಎಷ್ಟೋ ಮನೆಯವರ ಹತ್ತಿರ ಕಾಗದವೇ ಇಲ್ಲ.

ಯಾಕೆ ಇಲ್ಲ ಅನ್ನುವುದು ಅಭಿವೃದ್ಧಿಯ ಪತ್ರಿಕೆಗೆ ಸೇರಿದ ಮಾತು. ನಾನು ಎಲ್ಲಕ್ಕಿಂತ ಮನಸ್ಸಿಟ್ಟು ಓದಿದ ಪತ್ರಿಕೆ ಅದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಕರ್ನಾಟಕಕ್ಕೆ ಕರೆಂಟು ಬಂತು, ಸಾಗರ ಹೊಸನಗರದ ಊರುಗಳು ಮುಳುಗಿದವು. ನಮ್ಮ ಕಡೆ ಇದಕ್ಕೆ ಮುಳುಗಡೆ ಅಂತಲೇ ಹೆಸರು. ಯಾರನ್ನು ಕೇಳಿದರೂ "ಮುಳುಗಡೆ ಆದ ವರ್ಷ", "ಮುಳುಗಡೆಗಿಂತ ಮುಂಚೆ" ಅಂತ ಕಾಲದ ಲೆಕ್ಕ ಹೇಳುತ್ತಾರೆ. ಬದಲಿ ಜಾಗ ಅಂತ ಹೋದವರಲ್ಲಿ ಹಲವರ ಹಕ್ಕುಪತ್ರದ ಸಮಸ್ಯೆ ಇವತ್ತಿಗೂ ಮುಗಿದಿಲ್ಲ. ಮಾವ ಆಗ ಹುಡುಗ. ಹಂಚು, ತೊಲೆ, ಬಾಗಿಲು ಎಲ್ಲ ಕಳಚಿ ಗುಡ್ಡದ ಮೇಲಕ್ಕೆ ಹೊತ್ತದ್ದು, ಗದ್ದೆಗೆ ನೀರು ನಿಧಾನಕ್ಕೆ ಏರಿ ಬಂದದ್ದು, ಬಿಟ್ಟು ಬಂದ ದನ ವಾಪಸ್ ಹಳೆ ಕೊಟ್ಟಿಗೆಗೇ ಹೋಗಿ ನಿಂತದ್ದು, ಇದನ್ನೆಲ್ಲ ಅವರು ಮಳೆಗಾಲದ ರಾತ್ರಿಗಳಲ್ಲಿ ಹೇಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಕೇಳಿದ ಕಥೆ ಅದು. ಪುಸ್ತಕದಲ್ಲಿ ಅಭಿವೃದ್ಧಿ ಮತ್ತು ಸ್ಥಳಾಂತರದ ಪಾಠ ಓದಿದ ದಿನ ಮೊದಲ ಸಲ ಪೆನ್ನು ಹಿಡಿದು ಮಾವನ ಎದುರು ಕೂತೆ. ಕಥೆ ಅಂತ ಕೇಳದೆ ಪ್ರಶ್ನೆ ಕೇಳಿದೆ. ಪರಿಹಾರ ಯಾರ ಹೆಸರಿಗೆ ಬಂತು? ಗೇಣಿಗೆ ಮಾಡುತ್ತಿದ್ದವರಿಗೆ ಏನು ಸಿಕ್ಕಿತು? ಹೆಂಗಸರನ್ನು ಯಾರಾದರೂ ಕೇಳಿದರಾ? ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನ ಯಾರೂ ಕೇಳಿರ್ಲಿಲ್ಲ. ಬರಿ ಮಗಾ" ಅಂದರು.

ಮಾವ ಹೇಳಿದ್ದನ್ನು ಇಟ್ಟುಕೊಂಡು ಆ ಪತ್ರಿಕೆಯ ಅಸೈನ್‌ಮೆಂಟ್ ಬರೆದದ್ದು ನನಗೆ ಇವತ್ತಿಗೂ ಹೆಮ್ಮೆ. ಇಗ್ನೋದಲ್ಲಿ ಅಸೈನ್‌ಮೆಂಟಿಗೆ 30 ಭಾಗ, ಪರೀಕ್ಷೆಗೆ 70 ಭಾಗ. ಕೈಯಲ್ಲೇ ಬರೆದು ಅಧ್ಯಯನ ಕೇಂದ್ರಕ್ಕೆ ಕೊಡಬೇಕು. ನಮ್ಮ ಊರುಗಳಲ್ಲಿ ಜೆರಾಕ್ಸ್ ಅಂಗಡಿಗಳು ಬರೆದಿಟ್ಟ ಉತ್ತರಗಳನ್ನೇ ಮಾರುತ್ತವೆ. ಕಾಪಿ ಮಾಡಿ ಕೊಟ್ಟರೆ ಆಯಿತು ಅಂತ ನನಗೂ ಹೇಳಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಯಮಕ್ಕೆ ಹೆದರಿ ಈ ಮಾತು ಹೇಳುತ್ತಿಲ್ಲ. ಹೀಗೆ ಓದುವ ನಮಗೆ ಮೇಷ್ಟ್ರ ಎದುರು ಕೂತು ಮಾತಾಡುವ ಭಾಗ್ಯ ಕಡಿಮೆ. ನಾವು ನಿಜವಾಗಿ ಯೋಚನೆ ಮಾಡುವ ಜಾಗ ಅಸೈನ್‌ಮೆಂಟ್ ಒಂದೇ. ಅದನ್ನೂ ಕೊಂಡುಕೊಂಡರೆ ಓದಿದ್ದು ಏನು? ಉತ್ತರದಲ್ಲಿ ಸಿದ್ಧಾಂತ ಅರ್ಧ ಪುಟ ಬರೆದರೆ, ನಿಮ್ಮ ಊರಿನ ಒಂದು ಉದಾಹರಣೆ ಅರ್ಧ ಪುಟ ಬರೆಯಿರಿ. ನನ್ನ ಅನುಭವದಲ್ಲಿ ಅಂಥ ಉತ್ತರಗಳಿಗೆ ಒಳ್ಳೆಯ ಅಂಕವೇ ಬಂದಿದೆ.

ಚಳುವಳಿಗಳ ಬಗ್ಗೆ ಬರೆಯುವಾಗ ಕಾಗೋಡು ಬರೆದೆ. 1951ರಲ್ಲಿ ಗೇಣಿ ಅಳೆಯುವ ಕೊಳಗದ (ಧಾನ್ಯ ಅಳೆಯುವ ಪಾತ್ರೆ) ಅಳತೆಯಲ್ಲಿ ಮೋಸ ಆಗುತ್ತಿದೆ ಅಂತ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತ ಹೋರಾಟ. ಎಚ್. ಗಣಪತಿಯಪ್ಪನವರು ಸಂಘಟನೆ ಮಾಡಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನವಾದರು. ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ, ಆ ಕಾಲದ ಗೇಣಿದಾರ. 1974ರ ಭೂ ಸುಧಾರಣಾ ತಿದ್ದುಪಡಿ ಬಂದ ಮೇಲೆ ಫಾರಂ ನಂಬರ್ 7 ಹಾಕಿ, ನ್ಯಾಯಮಂಡಳಿ ಮುಂದೆ ನಿಂತು ತಾನು ಉಳುತ್ತಿದ್ದ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ಅದೇ ಜಮೀನಿನ ಆದಾಯದಿಂದ ಅಪ್ಪ ಹೈಸ್ಕೂಲು ಓದಿದರು, ನಾನು ಡಿಗ್ರಿ ಓದಿದೆ. ಉತ್ತರ ಪತ್ರಿಕೆ ನೋಡುವವರು ಯಾವ ರಾಜ್ಯದವರೋ ಗೊತ್ತಿಲ್ಲವಲ್ಲ, ಹಾಗಾಗಿ ಕೊಳಗ ಅಂದರೆ ಏನು ಅಂತ ಎರಡು ಸಾಲು ವಿವರಿಸಿ ಬರೆಯಬೇಕಾಯಿತು. ಆ ಎರಡು ಸಾಲು ಬರೆಯುವಾಗ ಅಜ್ಜನ ವಿಷಯ ಎಲ್ಲೋ ದೂರದ ಊರಿನವರಿಗೆ ತಲುಪಿಸುತ್ತಿದ್ದೇನೆ ಅನ್ನುವ ಸಂತೋಷ ಇತ್ತು.

ಎಂ.ಎನ್. ಶ್ರೀನಿವಾಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಸಮಾಜಶಾಸ್ತ್ರಜ್ಞರು. ಕೊಡವರ ಬಗ್ಗೆ 1952ರಲ್ಲಿ ಬಂದ ಪುಸ್ತಕದಲ್ಲಿ ಸಂಸ್ಕೃತೀಕರಣದ ವಿಚಾರವನ್ನು, ಅಂದರೆ ಕೆಳಗಿನ ಜಾತಿಯವರು ಮೇಲಿನ ಜಾತಿಗಳ ಆಚಾರ ಹಿಡಿದು ಮೇಲೇರಲು ನೋಡುವುದನ್ನು, ಮುಂದಿಟ್ಟರು, ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ನೋಡಿದ್ದರಿಂದ ಪ್ರಬಲ ಜಾತಿ, ಅಂದರೆ ಜನಬಲ, ಜಮೀನಿನ ಬಲದಿಂದ ಊರನ್ನು ನಡೆಸುವ ಜಾತಿ, ಅನ್ನುವ ಪರಿಕಲ್ಪನೆ ಬೆಳೆಸಿದರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಮಪುರ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿದ್ದಾಗ ಯಾರೋ ಬೆಂಕಿ ಹಚ್ಚಿ, ವರ್ಷಗಟ್ಟಲೆ ಕೂತು ಸಿದ್ಧಮಾಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಅದು 1976ರಲ್ಲಿ ಬಂತು. ಇದನ್ನು ಓದಿದ ಮೇಲೆ ನಾನು ಮಾವನ ನೆನಪನ್ನು ನೋಡುವ ರೀತಿ ಬದಲಾಯಿತು. ಕಾಗದ ಇಲ್ಲದವರ ಹತ್ತಿರ ನೆನಪು ಇದೆ, ಸರಿಯಾಗಿ ಕೇಳಿ ಬರೆದುಕೊಂಡರೆ ಅದೂ ದಾಖಲೆ. ನೆನಪು ತಪ್ಪಬಹುದು, ಅದಕ್ಕೇ ನಾಲ್ಕು ಜನರನ್ನು ಕೇಳಿ ತಾಳೆ ನೋಡಬೇಕು ಅನ್ನುವುದನ್ನು ಸಂಶೋಧನಾ ವಿಧಾನದ ಪತ್ರಿಕೆ ಕಲಿಸಿತು.

ಆ ಪತ್ರಿಕೆಯಿಂದ ಆಫೀಸಿನ ಕೆಲಸಕ್ಕೇ ನೇರ ಉಪಯೋಗ ಆಯಿತು. ಸಮೀಕ್ಷೆಗೆ ಮನೆಗೆ ಹೋದಾಗ ಮೊದಲೆಲ್ಲ ಯಜಮಾನರು ಯಾರು ಅಂತ ಕೇಳಿ, ಅವರು ಹೇಳಿದ್ದನ್ನೇ ಬರೆದುಕೊಳ್ಳುವುದು ರೂಢಿ. "ಮನೆಯವರು ಏನು ಕೆಲಸ ಮಾಡ್ತಾರೆ?" ಅಂದರೆ "ಏನಿಲ್ಲ, ಮನೆಯಲ್ಲೇ ಇರ್ತಾಳೆ" ಅನ್ನುತ್ತಾರೆ. ಅವಳು ಹೊತ್ತು ಮೂಡುವ ಮುಂಚೆ ಕೊಟ್ಟಿಗೆ ಮುಗಿಸಿ, ಸೊಪ್ಪು ತಂದು, ರಾತ್ರಿ ಡಬ್ಬಕ್ಕೆ ಇಷ್ಟು ಕೂಲಿ ಅನ್ನುವ ಲೆಕ್ಕದಲ್ಲಿ ಪರರ ಅಡಿಕೆ ಸುಲಿದು ಬಂದವಳು. ಪ್ರಶ್ನೆ ಕೇಳುವ ರೀತಿಯಲ್ಲೇ ಉತ್ತರದ ಅರ್ಧ ಇರುತ್ತದೆ ಅಂತ ಓದಿದ ಮೇಲೆ, ನಾನು ಹೆಂಗಸರನ್ನೇ ಕೇಳಲು ಶುರುಮಾಡಿದೆ, ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಂತ. ಎಂಟ್ರಿ ಮಾಡುವ ಕಾಲಂ ಬದಲಾಗಲಿಲ್ಲ. ಆದರೆ ಇರುವ ಕಾಲಂನಲ್ಲಿ ಸರಿಯಾದದ್ದನ್ನು ತುಂಬಲು ಬಂತು.

ಪರೀಕ್ಷೆಗೆ ಬರುತ್ತೇನೆ. ಮೂರು ಗಂಟೆ, ಐದು ಉತ್ತರ, ಒಂದೊಂದು ಸುಮಾರು 500 ಪದ. ಕಂಪ್ಯೂಟರಿನಲ್ಲಿ ಕೀ ಒತ್ತಿ ಅಭ್ಯಾಸವಾದ ಕೈಗೆ ಪೆನ್ನು ಹಿಡಿದು ಅಷ್ಟು ಬರೆಯುವುದೇ ದೊಡ್ಡ ಪರೀಕ್ಷೆ. ವಿಷಯ ಗೊತ್ತಿದ್ದೂ ಬರೆದು ಮುಗಿಸಲಾಗದೆ ಅಂಕ ಕಳೆದುಕೊಂಡವರು ಬಹಳ. ಪರೀಕ್ಷೆಗೆ ತಿಂಗಳು ಇರುವಾಗಿನಿಂದ ದಿನಾ ಒಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಓದುವುದಕ್ಕಿಂತ ಇದು ಮುಖ್ಯ. ಇಂಗ್ಲಿಷ್ ಬಗ್ಗೆ ಹೆದರುವವರಿಗೆ ಒಂದು ಮಾತು: ಸಣ್ಣ ಸಣ್ಣ ವಾಕ್ಯ ಬರೆಯಿರಿ. ಹೇಳಬೇಕಾದ ವಿಷಯ ನಿಮ್ಮಲ್ಲಿದ್ದರೆ ಸಣ್ಣ ವಾಕ್ಯ ಸಾಕು.

ಪರೀಕ್ಷೆ ಶಿವಮೊಗ್ಗದಲ್ಲಿ. ಬೆಳಗಿನ ಪಾಳಿ 10ಕ್ಕೆ ಶುರು. ಅವತ್ತೇ ಹೊರಟು ತಲುಪುವ ಮಾತಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಲಾಂಚ್ ದಾಟಿ, ಸಾಗರದಲ್ಲಿ ಬಸ್ ಹಿಡಿದು, ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆ. ಒಂದು ಪತ್ರಿಕೆಗೆ ಎರಡು ದಿನ ರಜೆ ಬೇಕು. ರಜೆ ಕೇಳಿದಾಗ ಒಬ್ಬ ಅಧಿಕಾರಿ, "ಇದನ್ನು ಓದಿ ನಿಮಗೇನು ಪ್ರಮೋಷನ್ ಬರುತ್ತಾ?" ಅಂದಿದ್ದರು. ಇನ್ನೊಬ್ಬರು ಬಂದ ಮೇಲೆ, ವೇಳಾಪಟ್ಟಿ ಬಂದ ತಕ್ಷಣ ನನ್ನ ಟೇಬಲ್ ಮೇಲೆ ಇಡಿ ಮೇಡಂ, ಆ ದಿನಗಳಿಗೆ ಬೇರೆ ಕೆಲಸ ಹಾಕೋದಿಲ್ಲ ಅಂದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ನಿಯಮ ಪುಸ್ತಕ.

2020ರಲ್ಲಿ ಕೊರೊನಾ ಬಂತು. ಜೂನ್ ಪರೀಕ್ಷೆ ಮುಂದಕ್ಕೆ ಹೋಗಿ ಸೆಪ್ಟೆಂಬರ್‌ನಲ್ಲಿ ನಡೆಯಿತು. ಅಷ್ಟು ದಿನವೂ ಪಂಚಾಯಿತಿಯವರಿಗೆ ಬಿಡುವಿಲ್ಲ. ಹೊರಗಿನಿಂದ ಬಂದವರ ಪಟ್ಟಿ, ಕ್ವಾರಂಟೈನ್, ಊರಿಗೆ ಮರಳಿದವರಿಗೆ ಖಾತ್ರಿ ಕೆಲಸದ ಹೊಸ ಅರ್ಜಿಗಳು. ಬೆಂಗಳೂರಿನಿಂದ ಬಂದ ಹುಡುಗರ ಹೆಸರು ಎಂಟ್ರಿ ಮಾಡುವಾಗ ಬೆಳಿಗ್ಗೆ ಓದಿದ ವಲಸೆಯ ಪಾಠ ಎದುರಿಗೇ ನಿಂತ ಹಾಗಿರುತ್ತಿತ್ತು. ಆಮೇಲೆ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ಡಿಸೆಂಬರ್ ಪರೀಕ್ಷೆಯೂ 2021ರ ಫೆಬ್ರವರಿಗೆ ಹೋದದ್ದರಿಂದ ನಾನು ಉಳಿದೆ.

ವಿಕೇಂದ್ರೀಕರಣದ ಪತ್ರಿಕೆಯನ್ನು ಚುನಾವಣೆ ನಡೆಯುತ್ತಿದ್ದಾಗಲೇ ಓದಿದೆ. ಪಂಚಾಯಿತಿ ವ್ಯವಸ್ಥೆ ಬಗ್ಗೆ ಶಿಫಾರಸು ಕೊಟ್ಟ ಬಲವಂತರಾಯ್ ಮೆಹತಾ ಸಮಿತಿ 1957, ಅಶೋಕ್ ಮೆಹತಾ ಸಮಿತಿ 1978 ಅಂತ ಇಸವಿ ನೆನಪಿಟ್ಟುಕೊಳ್ಳುವುದು ಒಂದು. ಅದರ ಜೊತೆ ನಮ್ಮ ರಾಜ್ಯದ್ದನ್ನು ನಾನೇ ಹುಡುಕಿ ಓದಿಕೊಂಡೆ. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆ, ಅದರಡಿ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆ, ಅದರಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ. ದೇಶದ ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಗೂ ಮುಂಚೆ ನಮ್ಮಲ್ಲಿ ಆದದ್ದು ಇದು. 2010ರಲ್ಲಿ ರಾಜ್ಯದ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಮಹಿಳಾ ಮೀಸಲಾತಿ ಅರ್ಧಕ್ಕೆ ಏರಿತು. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ನಜೀರ್ ಸಾಬರನ್ನು ನೀರ್ ಸಾಬ್ ಅನ್ನುತ್ತಿದ್ದರು ಅಂತ ನಮ್ಮ ವಾಟರ್‌ಮನ್ ಅಣ್ಣ ಹೇಳುತ್ತಿದ್ದರು, ಅವರ ಅಪ್ಪನಿಂದ ಕೇಳಿದ್ದು. ನಾನು ನಾಮಪತ್ರದ ಕಾಗದ ಜೋಡಿಸಿಕೊಟ್ಟ ಹೆಂಗಸರಲ್ಲಿ ಒಬ್ಬರು ಗೆದ್ದು ಬಂದರು. ಮೊದಲ ಮೀಟಿಂಗಿನಲ್ಲಿ ಅವರ ಗಂಡ ಪಕ್ಕದಲ್ಲಿ ಬಂದು ಕೂತರು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಹೋಗಿ, "ಅಕ್ಕಾ, ಸಹಿ ನಿಮ್ದೇ ಬೇಕು, ಮಾತೂ ನಿಮ್ದೇ ಬರೀಬೇಕು" ಅಂದೆ. ಮೂರನೇ ಮೀಟಿಂಗಿಗೆ ಅವರು ಒಬ್ಬರೇ ಬಂದರು. ಓದಿನಿಂದ ಏನಾಯಿತು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಓದದಿದ್ದರೆ ನನಗೆ ಆ ಮಾತು ಆಡುವ ಧೈರ್ಯ ಬರುತ್ತಿರಲಿಲ್ಲ.

ಹಣದ ಲೆಕ್ಕದಲ್ಲಿ ಹೇಳಬೇಕೆಂದರೆ ನನ್ನ ಸಂಬಳ ಎಂ.ಎ.ಯಿಂದ ಒಂದು ರೂಪಾಯಿಯೂ ಏರಿಲ್ಲ. ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಸೇರಬೇಡಿ. ಪಾಸಾಗಲು ಶೇ. 40 ಸಾಕು, ಆದರೆ ಮುಂದೆ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯುವ ಯೋಚನೆ ಇದ್ದರೆ ಸಾಮಾನ್ಯ ವರ್ಗದವರಿಗೆ ಶೇ. 55, ಮೀಸಲಾತಿ ಇರುವವರಿಗೆ ಶೇ. 50 ಬೇಕು. ಅದನ್ನು ಮೊದಲ ಪತ್ರಿಕೆಯಿಂದಲೇ ತಲೆಯಲ್ಲಿಟ್ಟುಕೊಳ್ಳಿ. ಎಲ್ಲಿ ಸೇರಿದರೂ ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ, ಮಾನ್ಯತೆ ಇದೆಯಾ ಅಂತ ಅವರ ಪಟ್ಟಿಯಲ್ಲಿ ನೀವೇ ನೋಡಿ. ಏಜೆಂಟರ ಮಾತು ಬೇಡ. 2024ರಿಂದ ಸೇರುವವರು ಡಿಇಬಿ ಐಡಿ ಮಾಡಿಸಿಕೊಳ್ಳಬೇಕು, ಅದನ್ನೂ ಮನೆಯಲ್ಲೇ ಫೋನಿನಲ್ಲಿ ಮಾಡಬಹುದು. ಇಗ್ನೋ ಪುಸ್ತಕಗಳೆಲ್ಲ ಅವರದೇ ಇ-ಜ್ಞಾನಕೋಶ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ದುಡ್ಡು ಕಟ್ಟುವ ಮುಂಚೆ ಮೊದಲ ಪತ್ರಿಕೆಯ ಎರಡು ಘಟಕ ಇಳಿಸಿಕೊಂಡು ಓದಿ ನೋಡಿ. ಓದುವಾಗ ನಿಮ್ಮ ಊರು ನೆನಪಾಗುತ್ತಾ ಹೋದರೆ ಸೇರಿ.

ನನ್ನ ಕಾಲದಲ್ಲಿ ಈ ಎಂ.ಎ.ಗೆ ಸಂಶೋಧನಾ ಪ್ರಬಂಧ ಬರೆಯುವುದು ಇರಲಿಲ್ಲ. ಹಾಗಾಗಿ ಆ ಕೆಲಸ ಬಾಕಿ ಇದೆ ಅಂತಲೇ ನನ್ನ ಭಾವನೆ. ಮುಳುಗಡೆ ಕಂಡ ಹೆಂಗಸರು ನಮ್ಮ ಹೋಬಳಿಯಲ್ಲಿ ಇನ್ನೂ ಕೆಲವರಿದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಗಂಡಸರ ಹತ್ತಿರ ಕೇಳಿದರೆ ಎಕರೆ, ಗುಂಟೆ, ಪರಿಹಾರದ ಮಾತು ಬರುತ್ತದೆ. ಹೆಂಗಸರು ಬೇರೆಯದನ್ನು ಹೇಳುತ್ತಾರೆ: ಬಾವಿ ಎಲ್ಲಿತ್ತು, ಹೆರಿಗೆಗೆ ಯಾರು ಬರುತ್ತಿದ್ದರು, ತವರಿನ ದಾರಿ ನೀರಿನಡಿ ಹೋದ ಮೇಲೆ ಎಷ್ಟು ವರ್ಷ ಅಮ್ಮನ ಮುಖ ನೋಡಲಿಲ್ಲ. ಭಾನುವಾರ ಬಿಡುವಾದಾಗ ಒಬ್ಬೊಬ್ಬರ ಮನೆಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದೇನೆ. ಅತ್ತೆಯೂ ಜೊತೆಗೆ ಬರುತ್ತಾರೆ. ನಾನು ಮರೆತ ಪ್ರಶ್ನೆಗಳನ್ನು ಅವರು ಕೇಳುತ್ತಾರೆ.